ಪೆಡಲಿನ ಬುಡದ ಸೆನ್ಸರ್

12-2-2009, ಬೆಳಗ್ಗೆ

ಗ್ಯಾರೇಜಿಗೆ ಬರುವಷ್ಟರಲ್ಲಿ ಬೋರಲಿಂಗಯ್ಯನ ಹೊಸ ಟಿಪ್ಪರ್ ನಿಂತಿತ್ತು. ಬಿಡದಿ ಫ್ಯಾಕ್ಟರಿಗೆ ಹೋಗಬೇಕಾದ ಜಲ್ಲಿ ಇನ್ನೂ ಮೇಲೆಯೇ. ಸ್ಟಾರ್ಟ್ ಆಗುತ್ತದೆ. ಆಕ್ಸಿಲರೇಟರ್ ಪೆಡಲ್ ಎಷ್ಟು ತುಳಿದರೂ ಎಂಜಿನ್ ರೇಸ್ ಏರದು.

ಕ್ಯಾಬಿನ್ ಎತ್ತಿ ಹುಡುಕಿದೆ. ಫ್ಲೈವೀಲ್ ಪಕ್ಕದ ಸೆನ್ಸರ್ — ಸರಿ. ಡೀಸೆಲ್ ಪೈಪಿನ ತುದಿಯದು — ಸರಿ. ಬಿಸಿ ಅಳೆಯುವುದೂ ಸರಿ. ಹಳೇ ಲಾರಿಯಾದರೆ ಪೆಡಲಿನಿಂದ ಪಂಪಿಗೆ ಕಂಬಿ. ಇದರಲ್ಲಿ ಬರೀ ವೈರ್. ಅದರ ಜಾಡು ಹಿಡಿದೆ. ಮೇಲಕ್ಕೆ... ಕ್ಯಾಬಿನ್ ಒಳಕ್ಕೆ. ಪೆಡಲಿನ ಬುಡದಲ್ಲೇ ಇನ್ನೊಂದು ಸೆನ್ಸರ್. ಕಾಯಿಲೆ ಅಲ್ಲೇ.

ಕ್ಯಾಬಿನ್ ಇಳಿಸಿ, ಮೆಟ್ಟಿಲಿಗೆ ಕಾಲಿಟ್ಟೆ.

"ನೀನು ಹತ್ತಬ್ಯಾಡ ಕಣಪ್ಪ," ಎಂದ ಬೋರಲಿಂಗಯ್ಯ. "ಒಳಗೆ ದೇವ್ರ ಫೋಟೋ ಐತೆ."

ಎಂಜಿನ್ ಮುಟ್ಟಬಹುದು. ಆಯಿಲ್‌ನಲ್ಲಿ ಮೀಯಬಹುದು. ಕೇರಿಯವನ ಕಾಲು ಮಾತ್ರ ಕ್ಯಾಬಿನ್ ಒಳಗೆ ಆಗದು.

ಅದೇ ದಿನ, ಸಂಜೆ

ನಾನು ಕೆಳಗೆ ನಿಂತು ಡ್ರೈವರ್‌ಗೆ ಹೇಳಿಕೊಡಬೇಕಂತೆ, ಅವನು ಬಿಚ್ಚುತ್ತಾನಂತೆ. ಬೆಂಗಳೂರಿನಲ್ಲಿ ಟ್ರೈನಿಂಗ್ ಮಾಡಿ ಕಲಿತವನು ನಾನು. ಹೇಳಲ್ಲ ಎಂದೆ.

ಗ್ಯಾರೇಜ್ ಮಾಲೀಕ ಜಬ್ಬಾರ್ ಭಾಯ್ ಪಕ್ಕಕ್ಕೆ ಕರೆದರು. ಬೋರಲಿಂಗಯ್ಯನವು ಒಂಬತ್ತು ಟಿಪ್ಪರ್, ಎಲ್ಲ ಇಲ್ಲಿಗೇ ಬರುವವು. ಒಸಿ ತಗ್ಗು ಎಂದರು. ತಗ್ಗಿ ತಗ್ಗಿ ಅಪ್ಪನ ಬೆನ್ನು ಬಾಗಿದ್ದು ಸಾಕು. ಕೆಲಸ ಬಿಡಿಸುವುದಾದರೆ ಬಿಡಿಸಿ ಎಂದೆ. ಅವರು ಬೇರೆ ಗಾಡಿಯ ಕಡೆ ನಡೆದರು.

14-2-2009

ನಿನ್ನೆ ಬೋರಲಿಂಗಯ್ಯ ರಾಮನಗರದಿಂದ ಬೇರೆ ಮೆಕ್ಯಾನಿಕ್‌ನನ್ನು ಕರೆತಂದ. ಅವನು ಚೆನ್ನಾಗಿದ್ದ ಎರಡು ಸೆನ್ಸರ್ ಬದಲಾಯಿಸಿ ಹೋದ. ರೇಸ್ ಏರಲಿಲ್ಲ.

ಇವತ್ತು ಜಬ್ಬಾರ್ ಭಾಯ್ ಬಾಯಿ ಬಿಟ್ಟರು. "ಯಜಮಾನ್ರೆ, ಹತ್ತೋದು ಕೆಂಪರಾಜೂನೇ. ಇಲ್ಲಾಂದ್ರೆ ಗಾಡಿ ಎಳ್ಕೊಂಡೋಗಿ."

ನಾನು ಅವರ ಮುಖ ನೋಡಿದೆ. ಅವರು ಸ್ಪ್ಯಾನರ್ ಒರೆಸುತ್ತಿದ್ದರು.

ಬೋರಲಿಂಗಯ್ಯ ಡ್ರೈವರ್‌ಗೆ, "ಮೊದ್ಲು ಫೋಟೋ ಇಳ್ಸಿಬುಡ್ಲಾ," ಎಂದ.

"ಇಳಿಸ್ಬ್ಯಾಡ," ಎಂದೆ. "ದೇವ್ರು ಅಲ್ಲೇ ಕುಂತು ನೋಡ್ಲಿ."

ಹತ್ತಿದೆ. ಪೆಡಲ್ ಬುಡದ ಸಾಕೆಟ್ ಬಿಚ್ಚಿದೆ — ಪಿನ್ನಿಗೆ ಹಸಿರು ಕಿಲುಬು. ಉಜ್ಜಿ ಸಿಕ್ಕಿಸಿದೆ. ಸೀಟಿನಲ್ಲಿ ಸರಿಯಾಗಿ ಕೂತು ಕೀ ಕೇಳಿದೆ.

ಕೀ ಬೋರಲಿಂಗಯ್ಯನ ಹತ್ತಿರ. ಬೆರಳು ತಾಗದ ಹಾಗೆ ಮೇಲಿಂದ ನನ್ನ ಅಂಗೈಗೆ ಉದುರಿಸಿಯೇ ಅವನಿಗೆ ಅಭ್ಯಾಸ. ಈಗ ನಾನು ಮೇಲೆ. ಅವನು ನೆಲದ ಮೇಲೆ. ಕೆಳಗಿನಿಂದ ಮೇಲಕ್ಕೆ ಉದುರಿಸುವುದು ಹೇಗೆ? ಡ್ರೈವರ್ ಕಡೆ ಕೀ ಚಾಚಿದ. ಡ್ರೈವರ್ ಕೈಕಟ್ಟಿ ನಿಂತೇ ಇದ್ದ.

"ಎಸೀಬ್ಯಾಡಿ. ಕೈಗೆ ಕೊಡಿ," ಎಂದೆ.

ಕಿಟಕಿಯಿಂದ ಕೈ ಹೊರಗೆ ಚಾಚಿದೆ. ಹಿಂದಕ್ಕೆ ತೆಗೆಯಲಿಲ್ಲ. ಎಷ್ಟು ಹೊತ್ತೋ... ಬೋರಲಿಂಗಯ್ಯನ ಕೈ ಮೆಲ್ಲಗೆ ಮೇಲೆದ್ದಿತು. ಬೆರಳಿಗೆ ಬೆರಳು ತಾಗಿತು. ಕೀ ತಿರುಗಿಸಿ ತುಳಿದೆ, ರೇಸ್ ಏರಿತು.