ಅರಸರ ಹೆಸರಿಲ್ಲದ ದಿನಗಳು

ಪ್ರಿಯ ತಮ್ಮ ಎನೆಕೊ,

ಕಳೆದ ಪತ್ರದ ತಲೆಯಲ್ಲೇ ಆದ ತಪ್ಪನ್ನು ಮೊದಲು ಮನ್ನಿಸು. ‘ನವಾರದ ದೊರೆಗಳಾದ ಕಾಸ್ಟೀಲಿನ ಅರಸರ ಆಳ್ವಿಕೆಯ ಮೂರನೆಯ ವರ್ಷ’ ಎಂದು ಬರೆದುಬಿಟ್ಟಿದ್ದೆ. ಪಾಂಪ್ಲೋನದಲ್ಲಿ ಈಗ ಕರಾರುಪತ್ರಗಳೆಲ್ಲ ಹಾಗೆಯೇ ಆರಂಭವಾಗಬೇಕು. ಪತ್ರಬರಹಗಾರನ ಹೆಂಡತಿಯಾದ ನನ್ನ ಕೈಗೂ ಆ ರೂಢಿ ಅಂಟಿದೆ. ನೀನು ಆ ಒಂದು ಸಾಲನ್ನು ಮಾತ್ರ ಓದಿ, ಪರ್ವತದಾಚೆಯಿಂದ ಪತ್ರವನ್ನು ಹಿಂದಿರುಗಿಸಿದೆ. ಪತ್ರ ಒಯ್ದಿದ್ದ ಹೇಸರಗತ್ತೆಯವನೊಡನೆ ಹೇಳಿಕಳುಹಿಸಿದ ಮಾತೂ ತಲುಪಿತು: “ಆ ರಾಜನ ಕಾಲದಲ್ಲಿ ನಂಗೆ ಅಕ್ಕಾನೂ ಇಲ್ಲ, ಮನೇನೂ ಇಲ್ಲ.”

ನೀನು ಓದದೆ ಬಿಟ್ಟ ಸಾಲುಗಳಲ್ಲಿದ್ದದ್ದು ಇಷ್ಟೇ: ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಮತ್ತೆ ಏಳುವ ಹಾಗಿಲ್ಲ. ನಿನ್ನನ್ನು ನೋಡಬೇಕೆನ್ನುತ್ತಾಳೆ.

ನಿನ್ನ ಕಡೆಯವರ ವಾದ ನನಗೂ ಗೊತ್ತು. ನೀನು ಹಿಂಬಾಲಿಸಿ ಹೋದ ನಮ್ಮ ನವಾರದ ರಾಣಿಯದು ಹಿರಿಯರಿಂದ ಬಂದ ಹಕ್ಕು. ಅದನ್ನು ಕಿತ್ತುಕೊಂಡ ಪೋಪರ ಶಾಸನ ಇಲ್ಲಿ ಕಾಣಿಸಿದ್ದು ಕಾಸ್ಟೀಲಿನ ಸೈನ್ಯ ಊರು ಹೊಕ್ಕ ಮೇಲೆ. ಇಲ್ಲಿ ಕಾಸ್ಟೀಲಿನ ಕಡೆಯವರೋ, ಪೋಪರ ವೈರಿಯಾದ ಫ್ರಾನ್ಸಿನ ಅರಸನೊಡನೆ ಒಪ್ಪಂದ ಮಾಡಿಕೊಂಡ ದಿನವೇ ಅವಳ ಕಿರೀಟ ಕಳಚಿತೆನ್ನುತ್ತಾರೆ. ಸಾಲದುದಕ್ಕೆ, ತಮ್ಮ ಅರಸನ ಹೆಂಡತಿಯೂ ರಾಣಿಯ ವಂಶದವಳೇ, ಅವಳಿಗೂ ಪಾಲಿದೆಯಂತೆ. ಇದನ್ನು ಕೇಳಿ ಅಮ್ಮ ಮಲಗಿದಲ್ಲೇ ನಕ್ಕಳು: “ಹೆಂಡ್ತಿ ತವರಿನ ಪಾಲು ಕೇಳೋಕೆ ಯಾವ ಅಳಿಯನಾದ್ರೂ ಫಿರಂಗಿ ಎಳ್ಕೊಂಡು ಬರ್ತಾನೇನೇ?”

ನಿನ್ನ ಮಾತನ್ನು ತಿಳಿಸಿದಾಗ ಮಾತ್ರ ನಗಲಿಲ್ಲ. “ಅವನನ್ನ ಹೆರುವಾಗ ಯಾವ ರಾಜ ಇದಾನೆ ಅಂತ ಕೇಳಿದ್ನಾ ನಾನು? ಸೂಲಗಿತ್ತಿ ಬಂದ್ಲಾ ಅಂತ ಕೇಳಿದ್ದೆ. ಹೀಗಂತ ಬರಿ ಆ ಪೆದ್ದನಿಗೆ,” ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಮರಳಿ ಬಂದವರನ್ನು ಮುಟ್ಟುವುದಿಲ್ಲವೆಂದು ಡಂಗುರ ಹೊಡೆಸಿದ್ದಾರೆ. ಯಾವ ಅರಸನಿಗೂ ತಲೆಬಾಗೆಂದು ನಾನು ಹೇಳಲಾರೆ. ಅಮ್ಮನ ಕೋಣೆಯ ಬಾಗಿಲು ತಗ್ಗು. ಅಲ್ಲಿ ಬಾಗಿದರೆ ಸಾಕು.

ನೀನು ನಡೆಯುವಷ್ಟು ದಿನ ದೇವರು ಹಿಮವನ್ನು ತಡೆದಿರಲಿ.

ನಿನ್ನ ಅಕ್ಕ,
ಗ್ರಾಸಿಯಾನಾ

ನೀನು ಹಿಂದಿರುಗಿಸಿದ ಪತ್ರವನ್ನೂ ಇದರೊಡನೆ ಮತ್ತೆ ಇಟ್ಟಿದ್ದೇನೆ. ದಿನಗಳನ್ನು ಹೀಗೆ ತಿದ್ದಿಕೊ:

ನೀನು ರಾಣಿಯ ಹಿಂದೆ ಹೊರಟದ್ದು: ‘ಪಾಂಪ್ಲೋನ ಶರಣಾದ ದಿನ’ ಅಲ್ಲ. ನಮ್ಮ ಗೋಧಿ ಅರ್ಧ ಕೊಯ್ಲಾಗಿದ್ದ ದಿನ.

ಅಮ್ಮ ಮಲಗಿದ್ದು: ‘ಮೂರನೆಯ ವರ್ಷ’ ಅಲ್ಲ. ಹಿತ್ತಿಲ ಸೇಬು ಉದುರತೊಡಗಿದ ವಾರ.

ಈ ಪತ್ರ: ಚಳಿಗಾಲ ತರುವ ಸಂತ ಮಾರ್ಟಿನನ ಹಬ್ಬದ ಮುನ್ನಾದಿನ.

ನೀನು ಮನೆಗೆ ಬಂದದ್ದು: ಖಾಲಿ ಬಿಟ್ಟಿದ್ದೇನೆ. ನಿನಗೆ ಬೇಕಾದ ಅರಸನ ಹೆಸರನ್ನೇ ಹಾಕಿಕೊ. ಕಣಿವೆಯ ದಾರಿ ಮುಚ್ಚುವ ಮುಂಚಿನ ದಿನವಾಗಿರಲಿ.