ಒಂದು ಗೆರೆ ನುಣ್ಣಗೆ

ಮಾರ್ಚ್ ೯, ಭಾನುವಾರ

ಟೇಪ್ ಕೂಡ ಕಿತ್ತಿರಲಿಲ್ಲ.

ಅಕ್ಕನ ಮನೆಯಲ್ಲಿ ಸಕ್ಕರೆಗೆಂದು ಕಪಾಟು ತೆರೆದರೆ, ನಾನು ಆರಿಸಿಕೊಟ್ಟ, ಕಾಫಿ ಬೀಜ ಬೀಸುವ ಕೈ ಗ್ರೈಂಡರ್, ಲಿವರ್ ಒತ್ತುವ ಎಸ್ಪ್ರೆಸೊ ಮೇಕರ್ ಎರಡೂ ರಟ್ಟಿನ ಡಬ್ಬದಲ್ಲೇ ಇದ್ದವು. ಮೋಟಾರಿನ ಸದ್ದಿಗೆ ಅಕ್ಕನ ಮಗು ಏಳಬಾರದೆಂದು ಮೂರು ಅಂಗಡಿ ಅಲೆದು, ರಟ್ಟೆ ನೋಯುವಷ್ಟು ತಿರುಗಿಸಿ ನೋಡಿ ಆರಿಸಿದ್ದೆ.

ಮೂರು ವಾರದಿಂದ ದಿನಾ ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ಕಾಫಿಯ ರುಚಿ ಕೇಳುತ್ತಿದ್ದೆ. ‘ಸ್ವಲ್ಪ ಹುಳಿ ಕಣೋ’ ಎಂದರೆ ಗ್ರೈಂಡರಿನ ತಿರುಪಿನಲ್ಲಿ ಒಂದು ಗೆರೆ ಸರಿಸಿ ನುಣ್ಣಗೆ ಬೀಸಲು ಹೇಳುತ್ತಿದ್ದೆ. ‘ಇವತ್ತು ಕಹಿ’ ಎಂದರೆ ಒಂದು ಗೆರೆ ತರಿಯಾಗಿ. ಎಲ್ಲವೂ ಈ ಪುಸ್ತಕದ ಕೊನೆಯ ಹಾಳೆಗಳಲ್ಲಿದೆ. ಶಾಲೆ ಬಿಟ್ಟ ಮೇಲೆ ಇಷ್ಟು ಶ್ರದ್ಧೆಯಿಂದ ಏನನ್ನೂ ಬರೆದಿರಲಿಲ್ಲ.

‘ತಿರುಗಿಸೋದೆಲ್ಲ ನನ್ನ ಕೈಲಾಗಲ್ಲ ಕಣೋ. ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ’ ಎಂದಳು ಅಕ್ಕ.

ಭಾವ ನಕ್ಕರು. ‘ನಿನ್ನೆ ಚೆನ್ನಾಗಿದೆ ಅಂದಳಲ್ಲ, ಅದು ಟೀ ಕಣಯ್ಯ.’

ನನಗೆ ನಗು ಬರಲಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟ ದಿನ ಮನೆಯವರೆಲ್ಲ ಬೈಯುತ್ತಿದ್ದಾಗ ಇವಳೊಬ್ಬಳೇ ‘ನೀನು ದಡ್ಡ ಅಲ್ಲ ಕಣೋ’ ಎಂದಿದ್ದಳು. ಎರಡು ವರ್ಷ ಆ ಮಾತನ್ನೇ ಹಿಡಿದುಕೊಂಡು ಬಂದಿದ್ದೇನೆ. ಈಗ ನೆನಪಿಸಿಕೊಂಡರೆ ಆ ದನಿಯೂ ಇದೇ. ಫೋನಿನಲ್ಲಿ ‘ಇವತ್ತು ಚೆನ್ನಾಗಿದೆ ಕಣೋ’ ಎನ್ನುವಾಗಿನ ದನಿ.