ಸಮಾಧಿ ಪುಸ್ತಕದಲ್ಲಿ ಅಧಿಕಾರಿಯ ಹೆಸರು

ಕೆಳಪೇಟೆ, ಬೀದರ
ಫೆಬ್ರವರಿ ೩೦, ೨೨೦೯

ಹಿಂದಿನ ಕಾಲದವರೇ,

ತಾರೀಖು ನೋಡಿ ನಗಬೇಡಿ. ಊರಿನ ಗಾಳಿಯನ್ನೂ ಆಡಳಿತವನ್ನೂ ಹಿಡಿದಿರುವ ತಂಪುಮಂಡಳಿಯವರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಗೊತ್ತುಮಾಡಿದ್ದಾರೆ. ವರ್ಷದ ಕೊನೆಗೆ ಮಿಕ್ಕುವ ಐದು ದಿನಕ್ಕೆ ಹೆಸರಿಲ್ಲ, ಆ ದಿನಗಳಲ್ಲಿ ನಾವು ದುಡಿದರೆ ಹಾಜರಿಯೂ ಇಲ್ಲ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಈ ಕಾಗದ ನಿಮ್ಮ ತನಕ ಮುಟ್ಟುತ್ತದೋ ಇಲ್ಲವೋ ನಾನರಿಯೆ. ಉತ್ತರ ಬಾರದ ಕಡೆಗೆ ಮಾತಾಡುವುದು ನಮ್ಮ ಚರ್ಚಿನ ಸಭೆಗೆ ರೂಢಿಯಾಗಿದೆ.

ನನ್ನ ಹೆಸರು ದೊರ್ಕಮ್ಮ. ಕೆಳಪೇಟೆ ಚರ್ಚಿನ ಸಮಾಧಿ ಪುಸ್ತಕ ಬರೆಯುವವಳು.

ನೆಲದ ಮೇಲೆ ಬಿಸಿಲಿಗೆ ಮನುಷ್ಯ ನಿಲ್ಲಲಾರ. ಅದಕ್ಕೆ ನಿಮ್ಮ ಕಾಲದಲ್ಲೂ ಇದ್ದ ಸುರಂಗಬಾವಿಗಳನ್ನೇ ಅಗಲ ಮಾಡಿ, ಕೆಂಪುಕಲ್ಲು ಕೊರೆದು, ಕೆಳಗೆ ಊರು ಕಟ್ಟಿದ್ದಾರೆ. ಊರಿಗೆಲ್ಲ ತಂಪುಗಾಳಿ ಹಾಯಿಸುವ ಕೊಳವೆಗೆ ತಂಪುನಾಳ ಅನ್ನುತ್ತೇವೆ. ಅದರೊಳಗೆ ಕಪ್ಪು ಹಾವಸೆ ಬೆಳೆಯುತ್ತದೆ, ವಿಷಗಾಳಿ ಬಿಡುತ್ತದೆ. ವಾರಕ್ಕೊಮ್ಮೆ ಅದನ್ನು ಕೆರೆಯಬೇಕು. ಕೆರೆಯುವ ಯಂತ್ರ ಇದೆ. ಸವೆಯುತ್ತದೆ ಅಂತ ಒಳಗೆ ಬಿಡುವುದಿಲ್ಲ. ನಾವು ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುತ್ತೇವೆ. ನಾವು ಅಂದರೆ ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಜಾತಿ ಅನ್ನುವ ಪದವನ್ನು ಕಾನೂನಿನಿಂದ ಕಿತ್ತು ಎಂಬತ್ತು ವರ್ಷವಾಯಿತು. ಈಗ ಹುಟ್ಟಿದ ಕೂಸಿಗೆ ತಾಳಿಕೆ ಚೀಟಿ ಕೊಡುತ್ತಾರೆ. ಇದರ ಮುತ್ತಜ್ಜಂದಿರು ಮಲ ಬಾಚಿದವರು, ಆದ್ದರಿಂದ ಇದರ ಶ್ವಾಸಕೋಶ ವಿಷ ತಾಳುತ್ತದೆ ಎಂಬ ಚೀಟಿ. ಹಾವು ಪೊರೆ ಬಿಟ್ಟಿತು, ಹಲ್ಲು ಬಿಡಲಿಲ್ಲ.

ನಾಳದಲ್ಲಿ ಸತ್ತವರ ಹೆಸರುಗಳೆಲ್ಲ ನನ್ನ ಪುಸ್ತಕಕ್ಕೆ ಬರುತ್ತವೆ. ಹೆಸರು, ವಯಸ್ಸು, ಅದರ ಮುಂದೆ ಒಂದೇ ಸಾಲು: ಕರ್ತನು ಕರೆದುಕೊಂಡನು. ನನಗಿಂತ ಮುಂಚಿನವರು ಹಾಗೇ ಬರೆದರು, ನಾನೂ ಹಾಗೇ ಬರೆದೆ. ಹೋದ ವರ್ಷ ಸಾರಮ್ಮ ಅನ್ನುವ ವಿಧವೆ, ನಾಳದಲ್ಲಿ ಸತ್ತ ಗಂಡನಿಗಾಗಿ, ಮಂಡಳಿಯ ಮೇಲೆ ದಾವೆ ಹೂಡಿದಳು. ಮಂಡಳಿಯ ವಕೀಲ ಇದೇ ಪುಸ್ತಕ ತರಿಸಿದ. ನನ್ನ ಕೈಬರಹವನ್ನು ಎಲ್ಲರ ಮುಂದೆ ಓದಿ, "ಯಾರು ಒಯ್ದರು ಅಂತ ಇವರೇ ಬರೆದಿದ್ದಾರಲ್ಲ ಸ್ವಾಮಿ, ಸಮನ್ಸು ಅವನಿಗೇ ಕಳಿಸಿ" ಅಂದ. ಕೋರ್ಟೆಲ್ಲ ನಕ್ಕಿತು. ಸಾರಮ್ಮ ಸೋತಳು. ನಮ್ಮ ಭಕ್ತಿಯೇ ಕೊಲೆಗಾರರ ಪರ ಸಾಕ್ಷಿ ನುಡಿದಿತ್ತು.

ಈ ತಿಂಗಳು ಹನ್ನೊಂದಕ್ಕೆ ನನ್ನ ತಮ್ಮ ಎಲೀಷ ಏಳನೇ ನಾಳಕ್ಕಿಳಿದ. ಇಪ್ಪತ್ತಾರು ವರ್ಷದವನು, ಬಾಯಿಬಡುಕ. "ಅಕ್ಕಾ, ನಿನ್ನ ಸೊಟ್ಟ ಅಕ್ಷರ ನೋಡಿದ್ರ ಸಾಯಾಕೂ ಮನಸ್ಸಾಗಲ್ಲ ನೋಡು" ಅಂದು ನಗುತ್ತ ತೆವಳಿದ. ತಿರುವಿನಲ್ಲಿ ಸಿಕ್ಕಿಬಿದ್ದ. ಅವನು ಕೆರೆದ ಹಾವಸೆಯ ವಿಷವನ್ನು ಗಾಳಿ ನಮ್ಮ ಕಡೆಗೇ ತಳ್ಳುತ್ತಿತ್ತು; ಗಾಳಿ ನಿಲ್ಲಿಸಿದರೆ ಹಿಂದಿನಿಂದ ಹೋಗಿ ಎಳೆಯಬಹುದಿತ್ತು. ಮಂಡಳಿಯ ಅಧಿಕಾರಿ ಇಂದ್ರಸೇನನ ಕಾಲು ಹಿಡಿದೆವು. ಅವತ್ತು ಮಾಲೀಕರಿರುವ ಮೇಲ್ಪೇಟೆಯಲ್ಲಿ ನಿಶ್ಚಿತಾರ್ಥ, ಅತಿಥಿಗಳಿಗೆ ಸೆಕೆಯಾಗುತ್ತದೆ ಅಂದ. ಬೆಳಿಗ್ಗೆ ಏಳರಿಂದ ಇಡೀ ಸಭೆ ನಾಳದ ಬಾಯಲ್ಲಿ ಮಂಡಿಯೂರಿ ಕೂತಿತು. ಒಳಗಿನಿಂದ ಅವನು ಕೊಳವೆ ಬಡಿಯುತ್ತಿದ್ದ. ಸಂಜೆ ನಾಲ್ಕಕ್ಕೆ ಬಡಿಯುವುದು ನಿಂತಿತು. ದೇವರು ಒಂದು ಮಾತೂ ಆಡಲಿಲ್ಲ.

ಮಣ್ಣು ಮಾಡಿ ಬಂದು ಪುಸ್ತಕ ತೆರೆದೆ. ಆ ಸಾಲು ಬರೆಯಲು ಕೈ ಏಳಲಿಲ್ಲ. ನಮ್ಮ ಪಾಸ್ಟರ್ ಸುಮಿತ್ರಪ್ಪ ಕೆಟ್ಟವರಲ್ಲ, ಅಂಜುವವರು. ಚರ್ಚಿನ ಜಾಗ ಮಂಡಳಿಯದು. "ಒಂದೇ ಸಾಲವ್ವಾ. ಬರ್ದುಬಿಡು. ದೇವರ ಚಿತ್ತಕ್ಕ ಎದುರಾಡಬ್ಯಾಡ" ಅಂದರು. ನಾನು ಕೇಳಿದೆ: "ಹಂಗಾದ್ರ ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಾಗ ಕರ್ತನ್ನ ಶಿಲುಬೆಗೆ ಹಾಕಿಸಿದ ಪಿಲಾತನ ಹೆಸರು ಯಾಕ ಹೇಳಸ್ತೀರಿ? ಶಿಲುಬೆ ಮ್ಯಾಲಿದ್ದವ ಕೂಗಿದಾಗೂ ಮ್ಯಾಲಿಂದ ಉತ್ತರ ಬರಲಿಲ್ಲ. ಆದ್ರ ಕೊಲ್ಲಿಸಿದ ಅಧಿಕಾರಿ ಯಾರಂತ ನಮ್ಮ ಹಿರ್ಯಾರು ಮುಚ್ಚಿಡಲಿಲ್ಲಲ್ಲ." ಪಾಸ್ಟರ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

ನನ್ನನ್ನು ತಡೆದದ್ದು ಪಾಸ್ಟರ್ ಅಲ್ಲ, ನಮ್ಮವ್ವ. ಅವಳು ಗೋಡೆ ಹಿಡಿದು ಬಂದು ಕೇಳಿದಳು: "ಕರ್ತ ಕರಕೊಂಡಿಲ್ಲಂದ್ರ ನನ್ನ ಮಗ ಎಲ್ಲಿ ಹಾನ?"

ಅವನು ಕರ್ತನ ಕೈಯಲ್ಲಿದ್ದಾನೆ ಅಂತ ನಂಬಿದ್ದೇನೆ. ಅವನನ್ನು ಕೊಂದದ್ದು ಆ ಕೈಯಲ್ಲ ಅಂತಲೂ ನಂಬಿದ್ದೇನೆ. ಅವ್ವನ ಎದುರಿಗೇ ಬರೆದೆ: "ಎಲೀಷ, ೨೬. ಗಾಳಿ ನಿಲ್ಲಿಸಿರೆಂದು ಬೇಡಿದೆವು. ಅಧಿಕಾರಿ ಇಂದ್ರಸೇನ ನಿಲ್ಲಿಸಲಿಲ್ಲ." ಅವ್ವ ಅಂದಿನಿಂದ ನನ್ನ ಕೂಡ ಮಾತಾಡಿಲ್ಲ. ಮೂರನೇ ದಿನ ಚರ್ಚಿಗೆ ಬೀಗ ಬಿತ್ತು. ಈಗ ಓಣಿಯಲ್ಲೇ ಆರಾಧನೆ. ಅರ್ಧ ಜನ ನನ್ನನ್ನು ಶಪಿಸುತ್ತಾರೆ. ನಾಳೆ ಈ ಪುಸ್ತಕ ಹೊತ್ತು ಕೋರ್ಟಿಗೆ ಹೋಗುತ್ತೇನೆ. ಗೆಲ್ಲುತ್ತೇನೆ ಅನ್ನುವ ಭ್ರಮೆ ಇಲ್ಲ.

ದಿನಾಲೂ ಪ್ರಾರ್ಥನೆ ಮಾಡುತ್ತೇನೆ. ಮೇಲಿನಿಂದ ಸದ್ದಿಲ್ಲ. ಸಿಟ್ಟು ಬರುತ್ತದೆ, ಬೈಯುತ್ತೇನೆ, ಮತ್ತೆ ಮಂಡಿಯೂರುತ್ತೇನೆ. ಅವನು ಸುಮ್ಮನಿದ್ದಾನೆ ಅಂತ ಅವನ ಬಾಯಲ್ಲಿ ಮಾಲೀಕರ ಮಾತು ತುರುಕಲು ಬಿಡಲಾರೆ. ಇಷ್ಟು ನಂಬಿಕೆ ನನ್ನಲ್ಲಿ ಉಳಿದಿದೆ, ಇದಕ್ಕಿಂತ ಹೆಚ್ಚಿಲ್ಲ.

ನಿಮ್ಮ ಕಾಲದಲ್ಲೂ ನಮ್ಮವರನ್ನು ಮಲದ ಗುಂಡಿಗಿಳಿಸಿ ಕೊಲ್ಲುತ್ತಿದ್ದರಂತೆ. ಆ ಹೆಣಗಳನ್ನು ಹೂಳುವಾಗ ಹಾಡಿ, ಅಳಿ, ಸ್ವರ್ಗವನ್ನೂ ನಂಬಿ. ಆದರೆ ಇಳಿಸಿದವನ ಹೆಸರು ಬರೆದಿಡಿ. ನೀವು ಅವತ್ತೇ ಬರೆದಿದ್ದರೆ ನನ್ನ ಕೈಗೆ ಈ ಪುಸ್ತಕ ಇಷ್ಟು ದಪ್ಪವಾಗಿ ಬರುತ್ತಿರಲಿಲ್ಲ.

ಸಂಜೆಯ ಪ್ರಾರ್ಥನೆಗೆ ಕರೆಯುತ್ತಿದ್ದಾರೆ. ಅವ್ವ ಆಗಲೇ ಓಣಿಯಲ್ಲಿ ಕೂತಿದ್ದಾಳೆ. ಹೋಗಿ ಪಕ್ಕಕ್ಕೆ ಕೂರುತ್ತೇನೆ. ಸರಿದು ಜಾಗ ಕೊಡದಿದ್ದರೆ ಅವಳ ಹಿಂದೆ ಕೂರುತ್ತೇನೆ.

ದೊರ್ಕಮ್ಮ